ದುಭಾಷಿ ಕೆಲಸದಿಂದ ನನ್ನನ್ನು ತೆಗೆದ ದಿನ

ಓಕ್ಲ್ಯಾಂಡಿನ ಆ ಆಸ್ಪತ್ರೆಯ ನರ್ಸು ನನ್ನನ್ನು ದುಭಾಷಿ ಕೆಲಸದಿಂದ ತೆಗೆದುಹಾಕಿದಾಗ ನನಗೆ ಬಂದ ಸಿಟ್ಟನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಬೇ ಏರಿಯಾದಲ್ಲಿದ್ದೇನೆ. ಸರ್ಕಾರಿ ಕಚೇರಿಯಲ್ಲಿ ಸೇತುವೆಗಳ ತಪಾಸಣೆ ಮಾಡುವ ಇಂಜಿನಿಯರು, ದಿನವಿಡೀ ಇಂಗ್ಲಿಷಿನಲ್ಲಿ ವಾದ ಮಾಡಿಯೇ ಸಂಬಳ ತೆಗೆದುಕೊಳ್ಳುವವನು. ಕನ್ನಡದ ವಿಷಯವಂತೂ ಕೇಳಲೇಬೇಡಿ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ನಿರೂಪಣೆ ನನ್ನದೇ. ಎರಡು ಗಂಟೆ ನಿಂತು ಮಾತಾಡಿದರೂ ಒಂದು ಇಂಗ್ಲಿಷ್ ಪದ ಬಾಯಿಂದ ಬೀಳುವುದಿಲ್ಲ ಎಂಬ ಜಂಬ ನನಗೆ. ಮೈಕು ಕೈಕೊಟ್ಟರೆ ‘ಧ್ವನಿವರ್ಧಕ ಕೈಕೊಟ್ಟಿದೆ’ ಎಂದೇ ಕೂಗುವವನು. ಅಂಥ ನನಗೆ ಹೆತ್ತ ತಾಯಿಯ ಮಾತನ್ನು ಡಾಕ್ಟರಿಗೆ ದಾಟಿಸುವ ಅರ್ಹತೆ ಇಲ್ಲವೆಂದರೆ ಹೇಗಾಗಬೇಡ?

ನಮ್ಮದು ಇದೇ ಬೇ ಏರಿಯಾದ ನೆವಾರ್ಕಿನಲ್ಲಿ ಮೂರು ಜನರ ಮನೆ. ನಾನು, ಹೈಸ್ಕೂಲಿಗೆ ಹೋಗುವ ಮಗಳು, ಮತ್ತು ಅಮ್ಮ. ನಾನೂ ಹೆಂಡತಿಯೂ ಬೇರೆಯಾದ ವರ್ಷ ಅಮ್ಮ ಉಡುಪಿಯಿಂದ ಬಂದಳು, ಮನೆಯ ಸ್ಥಿತಿ ನೋಡಿದಳು, ಅಡುಗೆಮನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಗ್ರೀನ್ ಕಾರ್ಡು ಆಮೇಲೆ ಆಯಿತು. ಅವಳು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಇಲ್ಲಿಯವರು ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಸುಮ್ಮನೆ ನಕ್ಕು ನನ್ನ ಕಡೆ ನೋಡುತ್ತಾಳೆ. ಮೊಮ್ಮಗಳ ಜೊತೆ ಮಾತ್ರ ಬೇರೆಯೇ ಏರ್ಪಾಡು. ಅಜ್ಜಿ ಕನ್ನಡದಲ್ಲಿ ಕೇಳುತ್ತಾಳೆ, ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರೂ ಗಂಟೆಗಟ್ಟಲೆ ಹರಟುತ್ತಾರೆ. ಅದು ಹೇಗೆ ಸಾಧ್ಯ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಅಮ್ಮನಿಗೆ ಅರವತ್ತೊಂಬತ್ತು ತುಂಬಿದ ಆಸುಪಾಸಿನಲ್ಲಿ ಮನೆಯಲ್ಲಿ ಒಂದು ಬದಲಾವಣೆ ಆಯಿತು. ಬೆಳಿಗ್ಗೆ ದೇವರ ದೀಪ ಹಚ್ಚುವ ಕೆಲಸವನ್ನು ಮೊಮ್ಮಗಳಿಗೆ ವಹಿಸಿಬಿಟ್ಟಳು. ಕೇಳಿದ್ದಕ್ಕೆ, ಮಗು ಕಲಿಯಲಿ, ನಾನು ಎಷ್ಟು ದಿನ ಅಂತ ಹಚ್ಚುವುದು ಎಂದಳು. ದೇವಸ್ಥಾನಕ್ಕೆ ಬರುವುದನ್ನೂ ನಿಲ್ಲಿಸಿದಳು. ಕಾರಿನಲ್ಲಿ ಕೂತರೆ ಸೊಂಟ ಹಿಡಿಯುತ್ತದಂತೆ. ನನಗೆ ಖುಷಿಯೋ ಖುಷಿ. ಇಲ್ಲಿ ಹುಟ್ಟಿದ ಹುಡುಗಿ ಸ್ಕೂಲಿಗೆ ಹೊರಡುವ ಮುಂಚೆ ಎಣ್ಣೆ ಹಾಕಿ ಬತ್ತಿ ಸರಿಮಾಡುವುದನ್ನು ವೀಡಿಯೊ ಮಾಡಿ ಕೂಟದ ಗುಂಪಿಗೆ ಕಳಿಸಿದೆ, ಸಂಸ್ಕೃತಿ ದಾಟುವುದು ಹೀಗೆ ಎಂದು ನಾಲ್ಕು ಸಾಲು ಕೂಡ ಬರೆದೆ. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನು ಅಮ್ಮನಿಗೆ ತೋರಿಸಿದೆ. ಅವಳು ನೋಡಿ, ಒಲೆಯ ಮೇಲೆ ಸಾರು ಉಂಟು ಎಂದು ಎದ್ದುಹೋದಳು.

ಕೆಲವು ತಿಂಗಳಾದ ಮೇಲೆ ಅವಳು ಸುಸ್ತು ಸುಸ್ತು ಎನ್ನತೊಡಗಿದಳು. ಮೆಟ್ಟಿಲು ಹತ್ತಿದರೆ ಏದುಸಿರು. ಮನೆ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ವಯಸ್ಸಾದ ಒಬ್ಬ ಸಾಧು ಮನುಷ್ಯ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂದಿತ್ತು. ರಕ್ತ ಎಲ್ಲಿಂದಲಾದರೂ ಹೋಗುತ್ತಿದೆಯೇ ಎಂದು ಒಂದೊಂದೇ ಕೇಳುತ್ತ ಬಂದರು. ನಾನು ಅಮ್ಮನಿಗೆ ಕನ್ನಡದಲ್ಲಿ, ಅವರಿಗೆ ಇಂಗ್ಲಿಷಿನಲ್ಲಿ ಸರಾಗವಾಗಿ ದಾಟಿಸುತ್ತಿದ್ದೆ. ಕೊನೆಗೆ ಅವರು, ಪೀರಿಯಡ್ಸ್ ನಿಂತ ಮೇಲೆ ಮತ್ತೆ ಏನಾದರೂ ಬ್ಲೀಡಿಂಗ್ ಆಗಿದೆಯೇ ಎಂದರು.

ಇಲ್ಲಿ ನಾನು ಮಾಡಿದ್ದನ್ನು ಬರೆಯಲೇಬೇಕು, ಇಲ್ಲದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಆ ವಿಷಯಕ್ಕೆ ಗಂಡಸರ ಕಿವಿಗೆ ಬೀಳುವ ಮಾತೇ ಇರಲಿಲ್ಲ. ಚಿಕ್ಕವನಿದ್ದಾಗ ತಿಂಗಳಿಗೆ ಮೂರು ದಿನ ಅಮ್ಮ ಹಿಂದಿನ ಕೋಣೆಯಲ್ಲಿರುತ್ತಿದ್ದಳು, ಅಜ್ಜಿ ಅಡುಗೆ ಮಾಡುತ್ತಿದ್ದಳು. ಕೇಳಿದರೆ ‘ಅಮ್ಮ ಹೊರಗೆ’ ಎನ್ನುತ್ತಿದ್ದರು, ಅಷ್ಟೇ. ಐವತ್ತರ ಹತ್ತಿರ ಬಂದ ಮಗ ಅದನ್ನು ಈಗ ಯಾವ ಬಾಯಲ್ಲಿ ಕೇಳಬೇಕು? ಪ್ರಶ್ನೆಯನ್ನು ಕೊಂಚ ತಿರುಗಿಸಿ, ಮೂಲವ್ಯಾಧಿಯಂಥದ್ದು ಏನಾದರೂ ಉಂಟಾ ಅಮ್ಮ ಎಂದು ಕೇಳಿದೆ. ಅಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಎಂತದ್ದೂ ಇಲ್ಲಪ್ಪ ಎಂದಳು. ನಾನು ಡಾಕ್ಟರಿಗೆ ಇಲ್ಲ ಎಂದೆ. ಅವರು ಕಂಪ್ಯೂಟರಿನಲ್ಲಿ ಹಾಗೆಯೇ ಬರೆದುಕೊಂಡು ಕಬ್ಬಿಣದ ಮಾತ್ರೆ ಕೊಟ್ಟರು. ಬರುವಾಗ ನಾನು ಇಂಡಿಯನ್ ಗ್ರೋಸರಿಯಲ್ಲಿ ನುಗ್ಗೆಸೊಪ್ಪು, ಖರ್ಜೂರ ಎಲ್ಲ ತಂದೆ, ದೊಡ್ಡ ಕರ್ತವ್ಯ ಮುಗಿಸಿದವನ ಹಾಗೆ.

ಅಮ್ಮ ಬಿದ್ದದ್ದು ಓಕ್ಲ್ಯಾಂಡಿನಲ್ಲಿ. ಗ್ರೀನ್ ಕಾರ್ಡಿನ ನವೀಕರಣಕ್ಕೆ ಬೆರಳಚ್ಚು ಕೊಡಲು ಅವಳನ್ನು ಅಲ್ಲಿಯ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಸಾಲಿನಲ್ಲಿ ನಿಂತಿದ್ದವಳು ನನ್ನ ತೋಳು ಹಿಡಿದಳು, ಹಿಡಿದ ಹಾಗೆಯೇ ಕೆಳಗೆ ಕುಸಿದಳು. ಆಂಬುಲೆನ್ಸು ಬಂದ ವೇಗ, ಬಂದವರು ನೆಲದಲ್ಲಿ ಮಂಡಿಯೂರಿ ಅವಳ ಸೀರೆಯ ಸೆರಗನ್ನು ಸರಿಮಾಡಿಯೇ ಎತ್ತಿದ ರೀತಿ, ಎಲ್ಲ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅರ್ಧ ಗಂಟೆಯೊಳಗೆ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ರಕ್ತ ಕೊಡಬೇಕಾಗುತ್ತದೆ ಎಂದರು. ಆದರೆ ಈ ರಕ್ತವೆಲ್ಲ ಹೋಗಿದ್ದೆಲ್ಲಿಗೆ ಎಂದು ಮೊದಲು ತಿಳಿಯಬೇಕು ಎಂದರು.

ಆಗ ಬಂದವಳು ಆ ನರ್ಸು. ಫಿಲಿಪೀನ್ಸ್ ಮೂಲದವಳು, ನನ್ನದೇ ವಯಸ್ಸು, ನನ್ನ ಭುಜದೆತ್ತರವಿದ್ದಾಳೆ. ರೋಗಿ ಯಾವ ಭಾಷೆ ಮಾತಾಡುತ್ತಾರೆ ಎಂದಳು. ಕನ್ನಡ, ನಾನು ಹೇಳುತ್ತೇನೆ ಬಿಡಿ ಎಂದೆ. ಅವಳು ನಕ್ಕು ಹೊರಗೆ ಹೋಗಿ, ಚಕ್ರವಿರುವ ಒಂದು ಕಂಬವನ್ನು ತಳ್ಳಿಕೊಂಡು ಬಂದಳು. ಕಂಬದ ತುದಿಯಲ್ಲಿ ಒಂದು ಟ್ಯಾಬ್ಲೆಟ್ಟು. ಒಂದು ಚಕ್ರ ಕಿರ್ರೆನ್ನುತ್ತಿತ್ತು. ಪರದೆಯ ಮೇಲೆ ಭಾಷೆಗಳ ಪಟ್ಟಿ. ಬೆರಳಿನಲ್ಲಿ ಜಾರಿಸುತ್ತ ಹೋಗಿ ಕನ್ನಡವನ್ನು ಒತ್ತಿದಳು.

ನಾನು ಸುಮ್ಮನಿರಲಿಲ್ಲ. ಮಗನಿದ್ದೇನೆ, ಎರಡೂ ಭಾಷೆ ಚೆನ್ನಾಗಿ ಬಲ್ಲೆ, ಹೋದ ತಿಂಗಳು ಕ್ಲಿನಿಕ್ಕಿನಲ್ಲೂ ನಾನೇ ಹೇಳಿದ್ದು, ಇದೆಲ್ಲ ಕಾಲಹರಣ ಎಂದು ದನಿ ಎತ್ತಿದೆ. ಅವಳು ದನಿ ಎತ್ತಲಿಲ್ಲ. ಮನೆಯವರಿಂದ ವೈದ್ಯಕೀಯ ಮಾತನ್ನು ಹೇಳಿಸುವುದಿಲ್ಲ, ಅದು ನಮ್ಮ ನಿಯಮ, ತಪ್ಪು ಆಗುತ್ತದೆ ಎಂದಳು. ನನ್ನಿಂದ ತಪ್ಪಾಗುವುದಿಲ್ಲ ಎಂದೆ. ಅವಳು ನನ್ನ ಕೈಮೇಲೆ ಕೈಯಿಟ್ಟು, “ನೀವು ಇವತ್ತು ಬರೀ ಮಗನಾಗಿರಿ ಸರ್, ಸಾಕು,” ಎಂದಳು.

ಕನ್ನಡ ಬಲ್ಲವರು ಸಿಗಲು ಏಳೆಂಟು ನಿಮಿಷ ಬೇಕಾಯಿತು. ಸ್ಪ್ಯಾನಿಷ್, ಚೈನೀಸ್ ಆದರೆ ಒತ್ತಿದ ಕೂಡಲೇ ಬರುತ್ತಾರಂತೆ, ನಮ್ಮ ಭಾಷೆಗೆ ಜನ ಕಡಿಮೆ. ಅಷ್ಟೂ ಹೊತ್ತು ನಾನು ಗೆದ್ದವನ ಹಾಗೆ ಗಡಿಯಾರ ನೋಡುತ್ತಿದ್ದೆ. ಕೊನೆಗೆ ಪರದೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡ ಒಬ್ಬ ಹೆಂಗಸು ಕಾಣಿಸಿಕೊಂಡರು. ಹೆಸರು ಹೇಳಲಿಲ್ಲ, ಒಂದು ನಂಬರು ಹೇಳಿದರು. ಮಾತು ಧಾರವಾಡದ ಕಡೆಯದು.

“ನಮಸ್ಕಾರ್ರೀ ಅಮ್ಮಾರ. ಇಲ್ಲಿ ಆಡಿದ ಮಾತು ಇಲ್ಲೇ ಇರ್ತಾವ್ರೀ, ನಾ ಯಾರ ಮುಂದೂ ಹೇಳಂಗಿಲ್ಲ. ಆರಾಮ ಮಾತಾಡ್ರಿ.”

ಅಮ್ಮ ಮಲಗಿದಲ್ಲಿಂದಲೇ ತಲೆಯೆತ್ತಿ ನೋಡಿದಳು. ಮೊದಲು ಕೇಳಿದ್ದು ನಿನ್ನ ಊಟ ಆಯಿತಾ ಎಂದು. ಆ ಹೆಂಗಸು ಅಮ್ಮನಿಗೆ ಉತ್ತರ ಕೊಡದೆ ನರ್ಸಿನ ಕಡೆ ತಿರುಗಿ, ನನ್ನ ಊಟವಾಯಿತೇ ಎಂದು ರೋಗಿ ಕೇಳುತ್ತಿದ್ದಾರೆ ಎಂದು ಶುದ್ಧ ಇಂಗ್ಲಿಷಿನಲ್ಲಿ ಒಪ್ಪಿಸಿದರು. ರೂಮಿನಲ್ಲಿ ಆಡಿದ್ದನ್ನೆಲ್ಲ ಹೇಳಲೇಬೇಕು, ತಾವಾಗಿ ಹರಟುವಂತಿಲ್ಲ, ಅದು ಅವರ ಕೆಲಸದ ಕಟ್ಟುಪಾಡು. ನರ್ಸು ಗಂಭೀರವಾಗಿ, ದಯವಿಟ್ಟು ಉತ್ತರ ಕೊಡಿ, ನನಗೂ ತಿಳಿಯಬೇಕಾಗಿದೆ ಎಂದಳು. ಆಯಿತು ಎಂದು ಉತ್ತರ ಬಂತು. ಅಮ್ಮನಿಗೆ ಸಮಾಧಾನವಾಯಿತು, ನನಗೆ ನಗು ತಡೆಯುವುದು ಕಷ್ಟವಾಯಿತು.

ಆಮೇಲೆ ನರ್ಸು ನನ್ನನ್ನು ಹೊರಗೆ ಹೋಗಲು ಹೇಳಿದಳು. ಎಲ್ಲ ರೋಗಿಗಳನ್ನೂ ಸ್ವಲ್ಪ ಹೊತ್ತು ಒಬ್ಬರನ್ನೇ ಮಾತಾಡಿಸುತ್ತಾರಂತೆ. ಮತ್ತೆ ಸಿಟ್ಟು ಬಂತು. ನನ್ನ ಅಮ್ಮನಿಗೆ ನನ್ನಿಂದ ಮುಚ್ಚಿಡುವಂಥದ್ದು ಏನಿದೆ ಎಂದು ಗೊಣಗುತ್ತ ಹೊರಗೆ ಕುರ್ಚಿಯಲ್ಲಿ ಕೂತೆ. ಹಾಸಿಗೆಯ ಸುತ್ತಲಿನ ಪರದೆ ಎಳೆದ ಸದ್ದಾಯಿತು. ಒಬ್ಬಳು ಯುವ ಡಾಕ್ಟರು ಒಳಗೆ ಹೋದಳು. ಅಮ್ಮನ ದನಿ ಸಣ್ಣಗೆ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆದರೆ ನಿಲ್ಲದೆ ಕೇಳುತ್ತಿತ್ತು. ಅಮ್ಮ ಅಷ್ಟು ಹೊತ್ತು ಒಂದೇ ಉಸಿರಿಗೆ ಮಾತಾಡಿದ್ದನ್ನು ನಾನು ನಮ್ಮ ಮನೆಗೆ ಅವಳು ಬಂದಂದಿನಿಂದ ಕೇಳಿರಲಿಲ್ಲ.

ಡಾಕ್ಟರು ಹೊರಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ನಿಮಗೆ ಹೇಳಲು ನಿಮ್ಮ ತಾಯಿ ಒಪ್ಪಿದ್ದಾರೆ, ಆದರೆ ಇಂಗ್ಲಿಷಿನಲ್ಲಿ ಹೇಳಬೇಕಂತೆ ಎಂದಳು. ಎಂಟು ತಿಂಗಳಿಂದ ಅಮ್ಮನಿಗೆ ರಕ್ತ ಹೋಗುತ್ತಿತ್ತು. ಮುಟ್ಟು ನಿಂತು ಹದಿನೆಂಟು ವರ್ಷವಾದ ಮೇಲೆ. ಹಳೆಯ ಕಾಟನ್ ಸೀರೆಗಳನ್ನು ಹರಿದು ಬಳಸುತ್ತಿದ್ದಳು, ನಾವಿಬ್ಬರೂ ಹೊರಟ ಮೇಲೆ ಒಗೆದು ಒಣಗಿಸುತ್ತಿದ್ದಳು. ಈ ವಯಸ್ಸಿನಲ್ಲಿ ಹೀಗಾದರೆ ಗರ್ಭಕೋಶದ ಕ್ಯಾನ್ಸರು ಇರಬಹುದು, ಇಲ್ಲದೆಯೂ ಇರಬಹುದು, ಇವತ್ತೇ ಪರೀಕ್ಷೆ ಶುರುಮಾಡುತ್ತೇವೆ ಎಂದಳು. ಹೇಳಿ ಎದ್ದವಳು ಕೈಯಲ್ಲಿದ್ದ ಕಾಗದ ನೋಡಿ ಮತ್ತೆ ಕೂತಳು. “ಇನ್ನೊಂದು ಮಾತು ಹೇಳಿದರು. ಅವತ್ತಿನಿಂದ ಮನೆಯಲ್ಲಿ ದೀಪ ಮುಟ್ಟಿಲ್ಲವಂತೆ. ನನಗೆ ಅರ್ಥವಾಗಲಿಲ್ಲ. ಆದರೆ ಎರಡು ಸಲ ಹೇಳಿದರು, ಅದಕ್ಕೆ ಬರೆದುಕೊಂಡೆ. ನಿಮಗೇನಾದರೂ ಗೊತ್ತೇ?”

ನನಗೆ ಗೊತ್ತಿತ್ತು. ಈ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಾರದು. ಅಮ್ಮ ಎಂಟು ತಿಂಗಳಿಂದ ‘ಹೊರಗೆ’ ಇದ್ದಳು. ಅಡುಗೆಯನ್ನು ಬಿಟ್ಟರೆ ಮನೆ ನಡೆಯುವುದಿಲ್ಲ, ಅದಕ್ಕೆ ಅಡುಗೆ ಮಾಡಿದಳು. ದೇವರನ್ನು ಮಾತ್ರ ಮುಟ್ಟಲಿಲ್ಲ. ಪ್ರತಿ ಬೆಳಿಗ್ಗೆ ನನ್ನ ಕಣ್ಣೆದುರಿಗೇ ಅದನ್ನು ಹೇಳುತ್ತಿದ್ದಳು, ನಾನು ವೀಡಿಯೊ ಮಾಡುತ್ತಿದ್ದೆ. ಆ ಡಾಕ್ಟರಿಗೆ ವಿವರಿಸಲು ಹೋಗಿ ನನಗೆ ಅಳು ಬಂದುಬಿಟ್ಟಿತು. ಕ್ಲಿನಿಕ್ಕಿನಲ್ಲಿ ನಾನು ಪ್ರಶ್ನೆ ತಿರುಚಿದ್ದನ್ನೂ ಹೇಳಿದೆ. ಅವಳು ಬೈಯಲಿಲ್ಲ. ಅರ್ಥವಾಗದ ಮಾತನ್ನೂ ಬಿಡದೆ ಬರೆದುಕೊಂಡ ಆ ಹುಡುಗಿಯ ಮೇಲೆ ನನಗೆ ಹುಟ್ಟಿದ ಗೌರವ ದೊಡ್ಡದು.

ಆಮೇಲಿನ ಮೂರು ವಾರ ನಾನು ಆಸ್ಪತ್ರೆ ಎಂಬುದನ್ನು ಮೊದಲ ಸಲ ಕಣ್ಣುಬಿಟ್ಟು ನೋಡಿದೆ. ಅಮ್ಮನಿಗೆ ರಕ್ತದ ಚೀಲ ಹಾಕುವ ಮುಂಚೆ ಇಬ್ಬರು ನರ್ಸುಗಳು ಮಣಿಕಟ್ಟಿನ ಪಟ್ಟಿಯನ್ನೂ ಚೀಲವನ್ನೂ ಓದಿ ಒಬ್ಬರಿಗೊಬ್ಬರು ಹೇಳುವರು. ನಮ್ಮ ಕಚೇರಿಯಲ್ಲಿ ಸೇತುವೆಯ ಬೋಲ್ಟನ್ನು ಇಬ್ಬರು ನೋಡಿ ಸಹಿ ಮಾಡುವ ಹಾಗೆ. ಅಲ್ಟ್ರಾಸೌಂಡು, ಬಯಾಪ್ಸಿ ಎಲ್ಲ ಆಗಿ, ಕ್ಯಾನ್ಸರು ಹೌದು ಎಂದು ತಿಳಿಯಿತು. ಎಷ್ಟು ದೂರ ಹಬ್ಬಿದೆ ಎಂಬುದು ಗರ್ಭಕೋಶವನ್ನು ತೆಗೆದು ನೋಡಿದ ಮೇಲೆಯೇ ಗೊತ್ತಾಗುವುದು. ತೆಗೆಯುವುದು ರೋಬೋಟಿನ ತೋಳುಗಳಿಂದ. ನಾನು ಇಂಜಿನಿಯರಿನ ಬುದ್ಧಿ ಬಿಡದೆ ಸರ್ಜನ್ನಿಗೆ ತಲೆ ತಿನ್ನುವಷ್ಟು ಪ್ರಶ್ನೆ ಕೇಳಿದೆ. ಆಕೆ ನಡುವಯಸ್ಸಿನವರು, ತಾಳ್ಮೆಯಿಂದ ಹೇಳಿದರು. ತಾವು ಅದೇ ಕೋಣೆಯ ಮೂಲೆಯಲ್ಲಿ ಕೂತು ಪರದೆಯಲ್ಲಿ ನೋಡುತ್ತ ಕೈಯಾಡಿಸುತ್ತಾರೆ, ಅವರ ಬೆರಳು ಅಲುಗಿದಷ್ಟೇ ಒಳಗಿನ ಸಣ್ಣ ಉಪಕರಣ ಅಲುಗುತ್ತದೆ, ಹೊಟ್ಟೆಯ ಮೇಲೆ ಬೆರಳಗಲದ ಕೆಲವು ತೂತು ಮಾತ್ರ. ನಮ್ಮ ಕಡೆ ಅಜ್ಜಿಗೆ ಆಪರೇಶನ್ ಆಗಿ ತಿಂಗಳು ಮಲಗಿದ್ದನ್ನು ಕಂಡವನು ನಾನು. ಅಮ್ಮ ಆಪರೇಶನ್ ಆದ ಸಂಜೆಯೇ ಎದ್ದು ಬಾತ್‌ರೂಮಿಗೆ ನಡೆದಳು, ಮರುದಿನ ಮನೆಗೆ ಬಂದಳು.

ಆದರೆ ನನಗೆ ಹೆಚ್ಚು ದೊಡ್ಡದಾಗಿ ಕಂಡದ್ದು ಆ ತೋಳುಗಳಲ್ಲ, ಕಿರ್ರೆನ್ನುವ ಕಂಬ. ಅಮ್ಮ ಧಾರವಾಡದ ಹೆಂಗಸೇ ಬರಲಿ ಎಂದು ಆಸೆಪಟ್ಟಳು, ಹಾಗೆ ಕೇಳಿದವರೇ ಸಿಗುವ ಏರ್ಪಾಡಿಲ್ಲ. ಪ್ರತಿ ಸಲ ಬೇರೆ ಮುಖ. ಕೆಲವೊಮ್ಮೆ ಚಿತ್ರ ನಿಂತುಹೋಗುತ್ತಿತ್ತು, ಒಮ್ಮೆ ಅರ್ಧ ಗಂಟೆ ಕಾದೆವು. ಇನ್ನೊಂದು ದಿನ ಪರದೆಯಲ್ಲಿ ಗಂಡಸೊಬ್ಬರು ಬಂದರು. ಅಮ್ಮ ನಮಸ್ಕಾರ ಮಾಡಿ ಗೋಡೆಯ ಕಡೆ ತಿರುಗಿದಳು. ಆ ಫಿಲಿಪೀನ್ಸ್ ಮೂಲದ ನರ್ಸು ಅದನ್ನು ಕಂಡದ್ದೇ ತಡ, ಅವರಿಗೆ ಥ್ಯಾಂಕ್ಸ್ ಹೇಳಿ, ಹೆಂಗಸರೇ ಬೇಕು ಎಂದು ಮತ್ತೆ ಒತ್ತಿದಳು. ಯಾರೂ ಅವಳಿಗೆ ಹೇಳಿರಲಿಲ್ಲ. ನಾನು ಅಮ್ಮನ ಮುಖವನ್ನು ಸುಮಾರು ಐವತ್ತು ವರ್ಷ ನೋಡಿದ್ದೇನೆ, ಅವಳು ನೋಡಿದ್ದು ಕೆಲವು ದಿನ.

ತೆಗೆದ ಗರ್ಭಕೋಶದ ಪರೀಕ್ಷೆಯ ಫಲಿತಾಂಶ ಮೊದಲು ಬಂದದ್ದು ನನ್ನ ಫೋನಿಗೆ. ಅಮ್ಮನ ಹೆಸರಿನ ಆಸ್ಪತ್ರೆಯ ಆ್ಯಪು ನನ್ನ ಫೋನಿನಲ್ಲಿರುವುದರಿಂದ, ಡಾಕ್ಟರನ್ನು ನೋಡುವ ಎರಡು ದಿನ ಮುಂಚೆಯೇ ‘ಹೊಸ ವರದಿ ಬಂದಿದೆ’ ಎಂದು ಮಿನುಗಿತು. ಇದು ಈ ಕಾಲದ ಒಂದು ಸಂಕಟ. ಕೈ ಎಷ್ಟು ಸಲ ಅಲ್ಲಿಗೆ ಹೋಯಿತೋ ಲೆಕ್ಕವಿಲ್ಲ. ತೆರೆಯಲಿಲ್ಲ. ಅದು ಅಮ್ಮನ ಮೈಯ ಸುದ್ದಿ, ಮೊದಲು ಅವಳೇ ಕೇಳಲಿ ಎಂದುಕೊಂಡೆ. ಹೆದರಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ದಿನ ಬೆಳಿಗ್ಗೆ ಸರ್ಜನ್ ಕಂಪ್ಯೂಟರಿನ ಮುಂದೆ ಕೂತಿದ್ದರು. ಕಂಬವನ್ನು ತಂದು ಟ್ಯಾಬ್ಲೆಟ್ಟು ಒತ್ತಿದರು. ಕನ್ನಡದವರು ಯಾರೂ ಬಿಡುವಾಗಿರಲಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ಪರದೆಯಲ್ಲಿ ಚಕ್ರ ತಿರುಗುತ್ತಲೇ ಇತ್ತು. ಕಾಯೋಣ, ಸುದ್ದಿಯನ್ನು ಇವತ್ತೇ ಹೇಳುತ್ತೇನೆ ಎಂದು ಸರ್ಜನ್ ಹೇಳುತ್ತಿದ್ದಾಗ ಅಮ್ಮ ಇದ್ದಕ್ಕಿದ್ದ ಹಾಗೆ ನನ್ನ ಕಡೆ ಕೈತೋರಿಸಿ, “ಮೈ ಸನ್. ಓಕೆ,” ಎಂದಳು. ರೋಗಿಯೇ ಬಯಸಿ ಕೇಳಿದರೆ ಅದಕ್ಕೆ ಅವಕಾಶವಿದೆಯಂತೆ. ಸರ್ಜನ್ ಅವಳನ್ನೇ ಎರಡು ಸಲ ಕೇಳಿದರು. ಎರಡು ಸಲವೂ ಓಕೆ ಎಂದಳು. ಅದನ್ನು ಬರೆದುಕೊಂಡರು.

ಗರ್ಭಕೋಶದ ಒಳಪದರದಲ್ಲಿ ಮಾತ್ರ ಇತ್ತು ಎಂದರು ಅವರು. ಆಚೆ ಎಲ್ಲೂ ಹೋಗಿಲ್ಲ. ಪೂರ್ತಿ ತೆಗೆದಾಗಿದೆ. ಬೇರೆ ಔಷಧ, ಕಿರಣ ಚಿಕಿತ್ಸೆ ಏನೂ ಬೇಡ.

ನಾನು ಅಮ್ಮನ ಕಡೆ ತಿರುಗಿ ಹೇಳಿದೆ. ಗರ್ಭಕೋಶ ಎಂದೆ, ಕ್ಯಾನ್ಸರು ಎಂದೆ, ಹೋಯಿತು ಎಂದೆ. ಅಮ್ಮ ಕಣ್ಣು ಮುಚ್ಚಿ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡಳು. ಸರ್ಜನ್ ಮುಂದುವರಿಸಿದರು. ಮೂರು ತಿಂಗಳಿಗೊಮ್ಮೆ ಬರಬೇಕು. ಯೋನಿಯಿಂದ ಒಂದು ಹನಿ ರಕ್ತ ಕಂಡರೂ ಅದೇ ದಿನ ತಿಳಿಸಬೇಕು. ಆಪರೇಶನ್ ಆದಮೇಲೆ ಈವರೆಗೆ ಹಾಗೇನಾದರೂ ಆಗಿದೆಯೇ ಕೇಳಿ ಎಂದರು.

ನಾನು ನೆಲ ನೋಡಲಿಲ್ಲ. “ಅಮ್ಮ, ಆಪರೇಶನ್ ಆದಮೇಲೆ ಮುಟ್ಟಾಗುವ ಜಾಗದಿಂದ ರಕ್ತ ಹೋಗಿದ್ದು ಉಂಟಾ? ಇನ್ನು ಮುಂದೆ ಒಂದು ಹನಿ ಕಂಡ್ರೂ ನಂಗೆ ಹೇಳ್ಬೇಕು.”

ಅಮ್ಮ ಕಣ್ಣುಬಿಟ್ಟಳು. “ಇಲ್ಲ. ಈಗ ಸತ್ಯವಾಗಿಯೂ ಇಲ್ಲ,” ಎಂದಳು. ನನ್ನನ್ನೇ ನೋಡುತ್ತ ಹೇಳಿದಳು: “ಅವತ್ತು ಕ್ಲಿನಿಕ್ಕಲ್ಲಿ ಆ ಡಾಕ್ಟ್ರು ಕೇಳಿದ್ದು ನಂಗೆ ಗೊತ್ತಾಗಿತ್ತು ಮಾರಾಯ. ಪೀರಿಯಡ್ಸು, ಬ್ಲೀಡಿಂಗು, ಅಷ್ಟು ತಿಳಿಯುದಿಲ್ವಾ ನಂಗೆ? ನೀನು ಬೇರೆಯೇ ಕೇಳಿದೆ. ನಿನ್ನ ಮುಖ ನೋಡಿದೆ, ಪಾಪ ಅಂತ ಕಂಡಿತು. ಅದಕ್ಕೆ ಇಲ್ಲ ಅಂದೆ.”

ಸರ್ಜನ್ ಬೆರಳುಗಳನ್ನು ಕೀಬೋರ್ಡಿನ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಏನು ಹೇಳಿದರು ನಿಮ್ಮ ತಾಯಿ ಎಂದು ಕೇಳಿದರು. ನಾನು ಪೂರ್ತಿ ಹೇಳಿದೆ.